ಹತ್ತಕ್ಕೆ ನಾಲ್ಕು

ನವೆಂಬರ್ 3, 2025, ಸೋಮವಾರ
ಬಿ.ಪಿ. 152/94

ದಿನಾ ಬಿ.ಪಿ. ನೋಡಿ ಬರೆದಿಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ಮಗಳು ಪ್ರಿಯದರ್ಶಿನಿ ಒಂದು ಮಶೀನು, ಒಂದು ನೋಟ್‌ಬುಕ್ಕು ತಂದುಕೊಟ್ಟಳು. ಅವಳು ಆಸ್ಪತ್ರೆಯಲ್ಲಿ ನರ್ಸು, ಮನೆಗೆ ಬಂದರೂ ನರ್ಸೇ. "ನಂಬರ್ ಜೊತೆಗೆ ಅವತ್ತು ಯಾರ ಮೇಲೆ ಕೂಗಾಡಿದ್ರಿ ಅಂತಾನೂ ಬರೀರಿ ಅಪ್ಪ. ಡಾಕ್ಟ್ರಿಗೆ ಕಾರಣ ಗೊತ್ತಾಗ್ಲಿ" ಎಂದಳು. ಡಾಕ್ಟರಿಗೆ ನಂಬರು ತೋರಿಸುತ್ತೇನೆ. ಉಳಿದದ್ದು ಅವರಿಗೆ ಯಾಕೆ? ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ ಅವರಿಗೆ ಓದಲಿಕ್ಕೂ ಬರುವುದಿಲ್ಲ.

ಇವತ್ತು ಕೂಗಾಡಿದ್ದು ಮೊಮ್ಮಗಳು ಸಿರಿಯ ಮೇಲೆ. ಇಪ್ಪತ್ನಾಲ್ಕು ವರ್ಷ, ಬಿ.ಕಾಂ. ಆಗಿದೆ. ಬೆಳಗ್ಗೆಯಿಂದ ಟಿ.ವಿ. ಮುಂದೆ ಕೂತು ವಿಡಿಯೋ ಗೇಮು ಆಡುತ್ತಾಳೆ. ಕೇಳಿದರೆ ಅದೇ ಕೆಲಸ ಅನ್ನುತ್ತಾಳೆ. ಹೊಸ ಆಟ ಅಂಗಡಿಗೆ ಬರುವ ಮುಂಚೆ ಕಂಪನಿಯವರು ಇವಳಿಗೆ ಕಳಿಸುತ್ತಾರಂತೆ. ಇವಳು ಪೂರ್ತಿ ಆಡಿ, ಒಳ್ಳೆಯದೋ ಕೆಟ್ಟದ್ದೋ ಎಂದು ಕನ್ನಡದಲ್ಲಿ ವಿಡಿಯೋ ಮಾಡಿ, ಕೊನೆಗೆ ಹತ್ತಕ್ಕೆ ಇಷ್ಟು ಎಂದು ಮಾರ್ಕ್ಸ್ ಕೊಡುತ್ತಾಳೆ. ಚಾನೆಲ್ಲಿನ ಹೆಸರು 'ಗುಂಡಿ ಒತ್ತು'. ಲಕ್ಷ ಜನ ನೋಡುತ್ತಾರಂತೆ. ಲಕ್ಷ ಜನಕ್ಕೆ ಬೇರೆ ಕಸುಬಿಲ್ಲ.

"ಆಟಕ್ಕೆ ಮಾರ್ಕ್ಸ್ ಕೊಡೋದು ಅಂದ್ರೆ ಗಾಳಿಗೆ ತಕ್ಕಡಿ ಹಿಡಿದ ಹಾಗೆ" ಎಂದೆ.

"ನೀನೂ ಕಿಡಿಗೆ ಮಾರ್ಕ್ಸ್ ಕೊಟ್ಟೇ ಅಲ್ವಾ ಅಜ್ಜ ಮೂವತ್ತು ವರ್ಷ ಸಂಬಳ ತಗೊಂಡಿದ್ದು?" ಎಂದಳು.

ಅದು ಬೇರೆ. ಭದ್ರಾವತಿಯ ಫೌಂಡ್ರಿಯಲ್ಲಿ ನಾನು ಕಿಡಿ ನೋಡುವವನು. ಎರಕ ಹೊಯ್ಯುವ ಮುಂಚೆ ಕುಲುಮೆಯಿಂದ ತೆಗೆದ ಉಕ್ಕಿನ ತುಂಡನ್ನು ಸಾಣೆಚಕ್ರಕ್ಕೆ ಒತ್ತಿ ಹಿಡಿದರೆ ಕಿಡಿ ಹಾರುತ್ತದೆ. ಕಿಡಿ ಉದ್ದಕ್ಕೆ, ನೆಟ್ಟಗೆ ಹೋದರೆ ಉಕ್ಕು ಮೆದು. ತುದಿಯಲ್ಲಿ ಮತಾಪಿನ ಹಾಗೆ ಹೂ ಒಡೆದರೆ ಗಡಸು, ಮುರಿಯುತ್ತದೆ. ನೋಡಿದ ಕೂಡಲೇ ಎಲ್ಲರಿಗೂ ಕೇಳುವ ಹಾಗೆ ಕೂಗಬೇಕು, ಚಾಕಿನಲ್ಲಿ ಬರೆಯಬೇಕು. ಅದಕ್ಕೇ ನನಗೆ ಕಿಡಿ ಕರಿಯಣ್ಣ ಎಂದು ಹೆಸರು. ಉಕ್ಕು ಮುರಿದರೆ ಮನುಷ್ಯ ಸಾಯುತ್ತಾನೆ. ಆಟ ಮುರಿದರೆ ಯಾರ ಗಂಟು ಹೋಗುತ್ತದೆ?

ನವೆಂಬರ್ 7, ಶುಕ್ರವಾರ
ಬಿ.ಪಿ. 148/90

ಸಿರಿ ಈಗ ಆಡುತ್ತಿರುವ ಆಟದ ಹೆಸರು 'ಕಾಳದುರ್ಗ'. ನಮ್ಮ ದೇಶದವರೇ ಮಾಡಿದ ದೊಡ್ಡ ಆಟವಂತೆ, ಐದು ವರ್ಷದಿಂದ ಜನ ಕಾಯುತ್ತಿದ್ದಾರಂತೆ. ಎಂಟು ದಿನದಿಂದ ನಾನೂ ಹಿಂದೆ ಕೂತು ನೋಡಿದೆ. ಏಳು ಕೋಟೆ ಗೆಲ್ಲಬೇಕು. ಮೂರನೇ ಕೋಟೆ ಹತ್ತುವಾಗ ಆಟ ತಾನಾಗಿ ಸತ್ತುಹೋಗಿ, ಅಲ್ಲಿತನಕ ಗೆದ್ದದ್ದೆಲ್ಲ ಅಳಿಸಿಹೋಗುತ್ತದೆ. ಮತ್ತೆ ಮೊದಲಿಂದ. ಒಂದು ಸಲ ಹಾಗಾದರೆ ನಂಬಬಾರದು ಎಂದು ಇವಳು ಅದೇ ಗೋಡೆಯನ್ನು ಹದಿನೇಳು ಸಲ ಹತ್ತಿದಳು. ಹನ್ನೊಂದು ಸಲ ಅಳಿಸಿತು. ಪುಸ್ತಕದಲ್ಲಿ ಗೆರೆ ಹಾಕಿ ಲೆಕ್ಕ ಇಟ್ಟಿದ್ದಾಳೆ. ನಾನೂ ಒಂದೇ ತುಂಡನ್ನು ಮೂರು ಸಲ ಸಾಣೆಗೆ ಹಿಡಿಯುತ್ತಿದ್ದೆ. ಆದರೂ ಅದು ಬೇರೆ.

ಮಧ್ಯಾಹ್ನ ರಾಹಿಲ್ ಬಂದ. ಭದ್ರಾವತಿಯಿಂದ ಸ್ಕೂಟರಲ್ಲಿ ಬರುತ್ತಾನೆ. ಚಾನೆಲ್ಲಿನಲ್ಲಿ ಇವಳ ಜೊತೆಗಾರ, ವಿಡಿಯೋ ಕತ್ತರಿಸಿ ಜೋಡಿಸುವುದು ಅವನ ಕೆಲಸ. ಫೌಂಡ್ರಿಯಲ್ಲಿ ಕುಲುಮೆ ನೋಡುತ್ತಿದ್ದ ಫಕ್ರುದ್ದೀನನ ಮೊಮ್ಮಗ, ಅಜ್ಜನನ್ನು ದಾದಾ ಅನ್ನುತ್ತಾನೆ. ಪ್ರತಿ ಗುರುವಾರ ನಾನು ಫಕ್ರುದ್ದೀನನ ಮನೆಗೆ ಹೋಗಿ ಚಾ ಕುಡಿದು ಬರುತ್ತೇನೆ. ಮಕ್ಕಳಿಬ್ಬರೂ ಹಾಗೇ ಒಟ್ಟಿಗೆ ಆಡಿ ಬೆಳೆದವು.

ಮಾರ್ಕ್ಸ್ ಇಡುವಾಗ ಇವರದೊಂದು ಪದ್ಧತಿ. ಟಿ.ವಿ. ಆರಿಸಿ, ಇಬ್ಬರೂ ಬೆನ್ನು ತಿರುಗಿಸಿ ಕೂತು, ಒಬ್ಬೊಬ್ಬರು ಒಂದು ಚೀಟಿಯಲ್ಲಿ ನಂಬರು ಬರೆದು ಆಮೇಲೆ ಬಿಚ್ಚುತ್ತಾರೆ. ರಾಹಿಲ್‌ದು ಆರು. ಇವಳದು ನಾಲ್ಕು.

"ನಾಲ್ಕಾ? ಹುಚ್ಚಾ ಮಾರಾಯ್ತಿ ನಿಂಗೆ? ಏಳು ಕೊಟ್ರೇ ಫೇಲ್ ಅಂತ ಬಯ್ಯೋ ಜನ ಇದು" ಎಂದ ರಾಹಿಲ್.

"ಅದೇ ತಪ್ಪು. ಎಲ್ರೂ ಏಳರಿಂದ ಎಣಿಸೋಕೆ ಶುರು ಮಾಡ್ತಾರೆ. ಒಂದರಿಂದ ಆರರವರೆಗೆ ಯಾರಿಗೆ ಇಟ್ಟಿದಾರೆ, ದೆವ್ವಕ್ಕಾ?"

"ಕಥೆ ಚೆನ್ನಾಗಿದೆ. ಚಿತ್ರ ಚೆನ್ನಾಗಿದೆ. ನಮ್ಮೋರು ಮಾಡಿರೋದು."

"ಗೆದ್ದಿದ್ದು ಅಳಿಸಿಹೋದ್ರೆ ಕಥೆ ಕಟ್ಕೊಂಡು ಏನ್ ಮಾಡ್ತೀಯ?"

ಆಡಿದವಳು ಅವಳು, ನಂಬರು ಅವಳದು. ರಾಹಿಲ್ ಮುಖ ಗಂಟಿಕ್ಕಿಕೊಂಡೇ ಒಪ್ಪಿದ.

ಅವನು ಹೋಗುವಾಗ ಸಿರಿ ನನ್ನ ಕಡೆ ಬೆರಳು ತೋರಿಸಿದಳು. "ಅಜ್ಜ, ಗುರುವಾರ ಸಂಜೆ ಆರೂವರೆವರೆಗೆ ಈ ನಂಬರ್ ಹೊರಗೆ ಹೋಗ್ಬಾರ್ದು. ಕಂಪನಿಗೆ ಸಹಿ ಹಾಕಿ ಕೊಟ್ಟಿದೀನಿ. ನಮ್ಮ ಮೂರು ಜನಕ್ಕೆ ಮಾತ್ರ ಗೊತ್ತು."

ನಾನು ಯಾರಿಗೆ ಹೇಳಲಿ, ಬೀದಿಯ ನಾಯಿಗಾ?

ನವೆಂಬರ್ 9, ಭಾನುವಾರ
ಬಿ.ಪಿ. 144/88

ಇಲ್ಲೇ ನಮ್ಮ ಮಲವಗೊಪ್ಪದ ಸಲೂನಿಗೆ ಹೋಗಿದ್ದೆ. ಪಕ್ಕದ ಕುರ್ಚಿಯಲ್ಲಿ ಮೊಬೈಲ್ ಅಂಗಡಿಯ ದುಶ್ಯಂತ್. ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತು ಫೋನು ಒತ್ತುತ್ತಿದ್ದ. ನನ್ನನ್ನು ಕನ್ನಡಿಯಲ್ಲೇ ನೋಡಿ, "ಏನ್ ಅಜ್ಜ, ಮೊಮ್ಮಗಳು ಇನ್ನೂ ಆಟ ಆಡ್ಕೊಂಡೇ ಇದಾಳಾ? ಒಂದು ಕೆಲ್ಸ ನೋಡ್ಬಾರ್ದಾ?" ಎಂದ. ಸಲೂನಿನವನು ಕಿಸಕ್ಕೆಂದ.

ಮನೆಯಲ್ಲಿ ನಾನು ಏನಾದರೂ ಹೇಳಬಹುದು. ಬಣ್ಣ ಹಚ್ಚಿಕೊಂಡವನು ಹೇಳಬಾರದು.

"ಕೆಲ್ಸ ಅಲ್ಲೇನೋ ಅದು? ಒಂದೇ ಗೋಡೇನ ಹದಿನೇಳು ಸಲ ಹತ್ತು ನೋಡೋಣ ನೀನು. ಕಂಪನಿಯೋರು ಅವಳ ಮಾತಿಗೆ ಕಾಯ್ತಾರೆ. ನೀನು ಹಗಲೂ ರಾತ್ರಿ ಜಪ ಮಾಡೋ ಆ ಕಾಳದುರ್ಗಕ್ಕೆ ಹತ್ತಕ್ಕೆ ನಾಲ್ಕು ಇಟ್ಟಿದಾಳೆ, ತಿಳ್ಕೋ!" ಎಂದೆ. ಬಟ್ಟೆ ಹೊದ್ದಿದ್ದರೂ ನಾಲ್ಕು ಬೆರಳು ಹೊರಗೆ ತೆಗೆದು ತೋರಿಸಿದೆ.

ಅವನ ಬಾಯಿ ಬಂದ್ ಆಯಿತು. ನಾನು ಮಾತಾಡುವಾಗ ಅವನ ಫೋನು ನನ್ನ ಕಡೆಗೇ ಇತ್ತು. ಹೆದರಿ ಹಿಡಿದುಕೊಂಡಿದ್ದ ಅನ್ನಿಸುತ್ತದೆ. ಮನೆಗೆ ಬಂದು ಎರಡು ರೊಟ್ಟಿ ಹೆಚ್ಚು ತಿಂದೆ.

ನವೆಂಬರ್ 10, ಸೋಮವಾರ
ಬಿ.ಪಿ. 168/100

ಸಿರಿ ಬೆಳಗ್ಗೆಯಿಂದ ಹಾಸಿಗೆಯ ಮೇಲೆ ಕೂತಿದ್ದಾಳೆ. ಅವಳ ಫೋನು ಕಾದ ಬಾಣಲೆಯ ಮೇಲೆ ನೀರು ಬಿದ್ದ ಹಾಗೆ ಚಟಪಟ ಅನ್ನುತ್ತಲೇ ಇದೆ. "ನಾಲ್ಕು ಅನ್ನೋದು ಹೊರಗೆ ಹೋಗಿದೆ ಅಮ್ಮ" ಎಂದು ಪ್ರಿಯದರ್ಶಿನಿಗೆ ಹೇಳುವಾಗ ಅವಳ ತುಟಿ ಬೆಳ್ಳಗಿತ್ತು. ಯಾರೋ ಹೆಸರಿಲ್ಲದವನು 'ಗುಂಡಿ ಒತ್ತು ಕಾಳದುರ್ಗಕ್ಕೆ ಕೊಟ್ಟಿರೋದು ಬರೀ ನಾಲ್ಕು, ಒಳಗಿನವರಿಂದ ಪಕ್ಕಾ ಸುದ್ದಿ' ಎಂದು ಬರೆದು ಹಾಕಿದ್ದಾನೆ. ಅದನ್ನು ಒಂದೇ ದಿನಕ್ಕೆ ಎಲ್ಲ ಊರಿನವರೂ ಹಂಚಿಕೊಂಡಿದ್ದಾರೆ. ದೇಶದ್ರೋಹಿ ಅಂತೆ. ಹೊರಗಿನ ಕಂಪನಿಯ ಏಜೆಂಟಂತೆ. ಹೆಣ್ಣಿಗೆ ಆಟ ಏನು ಗೊತ್ತಂತೆ. ಅದಕ್ಕಿಂತ ಹೊಲಸನ್ನು ಇಲ್ಲಿ ಬರೆಯುವುದಿಲ್ಲ.

ಕಂಪನಿಯವರೂ ಪತ್ರ ಕಳಿಸಿದ್ದಾರೆ. ಯಾರಿಂದ ಹೊರಗೆ ಹೋಯಿತು ಎಂದು ತಿಳಿಸಬೇಕು, ಇಲ್ಲದಿದ್ದರೆ ಮುಂದೆ ಯಾವ ಆಟವೂ ಮೊದಲೇ ಸಿಗುವುದಿಲ್ಲ.

ಮಶೀನು ಕೈಗೆ ಸುತ್ತಿಕೊಂಡು ಕೂತಾಗ ನನ್ನ ನಾಲ್ಕು ಬೆರಳು ಕಣ್ಣಿಗೆ ಬಿತ್ತು. ಆಗ ಗೊತ್ತಾಯಿತು.

ಒಳಗಿನವರು ನಾನು.

ನವೆಂಬರ್ 11, ಮಂಗಳವಾರ
ಬಿ.ಪಿ. 174/102

ಹನ್ನೊಂದು ಗಂಟೆಗೆ ಮನೆಯ ಲ್ಯಾಂಡ್‌ಲೈನಿಗೆ ಫೋನು. ಒಳ್ಳೆ ಮೃದುವಾದ ದನಿ, ಓದಿದವನ ಹಾಗೆ.

"ನಮಸ್ಕಾರ ಅಜ್ಜ. ಊಟ ಆಯ್ತಾ? ಸಿರಿ ಅವ್ರ ಮನೆ ಅಲ್ವಾ ಇದು? ಗೇಟ್ ಪಕ್ಕ ನೀಲಿ ಡ್ರಮ್ ಇಟ್ಟಿದೀರಲ್ಲ, ಅದೇ ಮನೆ ತಾನೇ?"

ಇಟ್ಟುಬಿಟ್ಟ. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಊಟ ಆಯಿತಾ ಎಂದು ಕೇಳಿದ.

ಡ್ರಮ್ಮಿನ ನೀರು ಚೆಲ್ಲಿ, ಉರುಳಿಸಿಕೊಂಡು ಬಂದು ಹಿತ್ತಿಲಿಗೆ ಹಾಕಿದೆ. ಸೊಂಟ ಹಿಡಿದಿದೆ. ಡ್ರಮ್ಮು ಇದ್ದ ಜಾಗದಲ್ಲಿ ಗುಂಡಗೆ ಒದ್ದೆ ಗುರುತು. ಅದೂ ಕಾಣಬಾರದು ಎಂದು ಮಣ್ಣು ಹಾಕಿದೆ. ಸಿರಿಗೆ ಹೇಳಲಿಲ್ಲ.

ನವೆಂಬರ್ 12, ಬುಧವಾರ
ಬಿ.ಪಿ. 170/100

ಎರಡು ಬೈಕು ಮನೆ ಮುಂದೆ ನಿಧಾನ ಮಾಡಿ ಹೋದವು. ಹತ್ತು ನಿಮಿಷ ಬಿಟ್ಟು ಮತ್ತೆ ಬಂದವು. ಹಾದಿಹೋಕರೂ ಇರಬಹುದು. ಕಿಟಕಿ ಹಾಕಿದೆ. ಹಾಕಿದ ಮೇಲೆ ಯಾರು ಬಂದರು ಎಂದು ಕಾಣುವುದಿಲ್ಲವಲ್ಲ ಎಂದು ತೆರೆದೆ. ಮತ್ತೆ ಹಾಕಿದೆ.

ಸಿರಿಯ ಹತ್ತಿರ ಹೋಗಿ ಕೂತೆ. ನಾಳೆ ಆರೂವರೆಗೆ ವಿಡಿಯೋ ಹಾಕಬೇಕು.

"ಏಳು ಮಾಡಿಬಿಡು ಮಗ. ಆ ಸುದ್ದಿ ಸುಳ್ಳು ಅಂತ ಹೇಳು. ಒಂದು ನಂಬರ್ ತಾನೇ?"

ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. "ನಾನು ಚಿಕ್ಕೋಳಿದ್ದಾಗ ಕಿಡಿ ಕಥೆ ಹೇಳ್ತಿದ್ದೆ ನೀನು. ಸೂಪರ್‌ವೈಸರ್ ಬಂದು ಹಿಂದೆ ನಿಂತ್ರೂ ಕಿಡಿ ಬದಲಾಗಲ್ಲ ಅಂತಿದ್ದೆ. ನಾನು ಚೀಟೀಲಿ ಬರಿಯೋದು ಯಾಕೆ ಅಂದ್ಕೊಂಡೆ? ನಿನ್ನಿಂದ ಕಲ್ತಿದ್ದು." ಆಮೇಲೆ ಕೇಳಿದಳು: "ನೀನು ಯಾವತ್ತಾದ್ರೂ ಕಿಡಿ ನೋಡಿ ಸುಳ್ಳು ಬರ್ದಿದೀಯಾ ಅಜ್ಜ?"

ಇಲ್ಲ ಎಂದೆ.

ನವೆಂಬರ್ 13, ಗುರುವಾರ
ಬಿ.ಪಿ. 176/104

ಭದ್ರಾವತಿಗೆ ಹೋಗಲಿಲ್ಲ. ಸೊಂಟ ನೋವು ಎಂದು ಫಕ್ರುದ್ದೀನನಿಗೆ ಫೋನು ಮಾಡಿದೆ. "ಕಿಡಿ ಆರೋಯ್ತೇನೋ?" ಎಂದು ನಕ್ಕ.

ಆರೂವರೆಗೆ ಸಿರಿ ಗುಂಡಿ ಒತ್ತಿದಳು. ಅದೇ ಗಳಿಗೆಗೆ ಎಲ್ಲ ವಿಮರ್ಶಕರದೂ ಒಟ್ಟಿಗೆ ಹೊರಗೆ ಬಂತು. ಹಾಗೆ ಬರುವುದೇ ಪದ್ಧತಿಯಂತೆ. ಒಂದು ಜಾಗದಲ್ಲಿ ಎಲ್ಲರ ನಂಬರೂ ಸಾಲಾಗಿ ಇಡುತ್ತಾರೆ, ಪರೀಕ್ಷೆಯ ಫಲಿತಾಂಶದ ಬೋರ್ಡಿನ ಹಾಗೆ. ನನ್ನ ಕನ್ನಡಕ ಹಾಕಿಕೊಂಡು ನಾನೂ ನೋಡಿದೆ. ಒಂಬತ್ತು, ಎಂಟು, ಒಂಬತ್ತು, ಎಂಟೂವರೆ, ಏಳು, ಒಂಬತ್ತು. ಎಲ್ಲಕ್ಕಿಂತ ಕೆಳಗೆ, ಕೆಂಪು ಬಣ್ಣದಲ್ಲಿ, ನಾಲ್ಕು.

"ಮೂರನೇ ಕೋಟೇಲಿ ಇವರ್ಯಾರಿಗೂ ಆಟ ಸಾಯ್ಲಿಲ್ವಾ?" ಎಂದು ಕೇಳಿದೆ.

"ಕೆಲವರು ಅಲ್ಲೀತನಕ ಆಡೇ ಇಲ್ಲ. ಕೆಲವರಿಗೆ ಅಳಿಸಿಹೋಗಿರುತ್ತೆ. ಮುಂದೆ ಸರಿ ಮಾಡ್ತಾರೆ ಬಿಡು ಅಂತ ಬಿಟ್ಟಿರ್ತಾರೆ." ಅವಳ ದನಿ ತೀರಾ ಸಣ್ಣಗಿತ್ತು. "ಅಥವಾ ನಂದೇ ತಪ್ಪಿರ್ಬೇಕು ಅಜ್ಜ."

ಹದಿನೇಳು ಸಲ ಹತ್ತಿದವಳು ಹಾಗೆ ಅಂದಳು.

ನವೆಂಬರ್ 14, ಶುಕ್ರವಾರ
ಬಿ.ಪಿ. 178/106

ಪ್ರಿಯದರ್ಶಿನಿ ರಜೆ ಹಾಕಿ ನಮ್ಮಿಬ್ಬರನ್ನೂ ಠಾಣೆಗೆ ಕರೆದುಕೊಂಡು ಹೋದಳು. ಪೇದೆ ಎಲ್ಲ ಬರೆದುಕೊಂಡ. ಬರೆಯುತ್ತಾ ಬರೆಯುತ್ತಾ, "ಅಲ್ಲಮ್ಮ, ನಮ್ಮ ಮಗಳ ಮೇಷ್ಟ್ರೂ ಇಷ್ಟು ಟೈಟ್ ಇಲ್ಲ. ಒಂದು ಆರಾದ್ರೂ ಕೊಡ್ಬಾರ್ದಿತ್ತಾ?" ಎಂದ. ಒಳ್ಳೆಯ ಮನುಷ್ಯ. ಗಸ್ತಿನವರಿಗೆ ಹೇಳುತ್ತೇನೆ ಎಂದ. ಆಮೇಲೆ ಕೇಳಿದ: "ಮೊದ್ಲು ಈ ನಂಬರ್ ಹೊರಗೆ ಬಿಟ್ಟಿದ್ಯಾರು?"

ನಾನು ನೆಲ ನೋಡಿದೆ.

ಸಿರಿ ತಲೆ ತಗ್ಗಿಸಿ, "ಗೊತ್ತಿದ್ದಿದ್ದು ಮೂರೇ ಜನಕ್ಕೆ ಸಾರ್. ನಾನು, ನಮ್ಮಜ್ಜ, ರಾಹಿಲ್" ಎಂದಳು. ಮೂರರಲ್ಲಿ ಒಬ್ಬಳು ಅವಳೇ. ಇನ್ನೊಬ್ಬ ಪಕ್ಕದಲ್ಲಿ ಕೈ ಕಟ್ಟಿಕೊಂಡು ಕೂತ ಮುದುಕ.

ಮನೆಗೆ ಬಂದು ರಾಹಿಲ್‌ಗೆ ಫೋನು ಮಾಡಿದಳು. ಬಾಗಿಲು ಹಾಕಿಕೊಂಡು ಮಾತಾಡಿದಳು. ನನಗೆ ಕೇಳಿದ್ದು ಒಂದೇ: "ನಿಂಗೆ ಆರು ಬೇಕಿತ್ತು, ಅದಕ್ಕೇ."

ನವೆಂಬರ್ 15, ಶನಿವಾರ
ಬಿ.ಪಿ. 184/108

ರಾಹಿಲ್ ಬಂದ. ಕ್ಯಾಮೆರಾ, ವೈರು, ಎರಡು ದೀಪ, ಎಲ್ಲವನ್ನೂ ಒಂದು ಗೋಣಿಚೀಲದಲ್ಲಿ ಹಾಕಿ ತಂದಿದ್ದ. ಸಿರಿ ಕೋಣೆಯಿಂದ ಹೊರಗೆ ಬರಲಿಲ್ಲ. ಅವನು ಜಗುಲಿಯ ಮೇಲೆ ಒಂದೊಂದೇ ಸಾಮಾನು ತೆಗೆದಿಟ್ಟು, "ಎಣಿಸ್ಕೊಳ್ಳಿ ಅಜ್ಜ" ಎಂದ.

ನಾನು ಎಣಿಸಿದೆ. ಬೇರೆ ಏನು ಮಾಡಲಿ.

"ನೀವಾದ್ರೂ ನಂಬ್ತೀರಾ? ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ನಮ್ಮ ದಾದಾನೂ ಕೇಳಿದ್ರು, ನೀನೇನಾ ಅಂತ. ಮನೇಲೂ ಹಿಂಗೇ ನೋಡ್ತಿದಾರೆ."

"ಚಾ ಕುಡಿ" ಎಂದೆ. "ಸಕ್ಕರೆ ಎಷ್ಟು ಹಾಕ್ಲಿ?"

ಅವನಿಗೆ ಎರಡು ಚಮಚ ಎಂದು ಅವನು ಆರು ವರ್ಷದವನಿದ್ದಾಗಿಂದ ನನಗೆ ಗೊತ್ತು.

ಚಾ ಮುಟ್ಟದೆ ಹೋದ. ಲೋಟ ತೊಳೆಯುವಾಗ ಕೈ ಜಾರಿ ಒಡೆಯಿತು.

ನವೆಂಬರ್ 16, ಭಾನುವಾರ
ಬಿ.ಪಿ. 186/108

ಯಾರೋ ಒಂದು ಮುರಿದ ಆಟದ ಪೆಟ್ಟಿಗೆ ಗೇಟಿನೊಳಕ್ಕೆ ಎಸೆದು ಹೋಗಿದ್ದಾರೆ. ಅದರ ಮೇಲೆ ಸುಣ್ಣದಲ್ಲಿ 4.

ನವೆಂಬರ್ 17, ಸೋಮವಾರ
ಬಿ.ಪಿ. 190/110

ಈ ನಂಬರು ಪ್ರಿಯದರ್ಶಿನಿಗೆ ತೋರಿಸಿದರೆ ಆಸ್ಪತ್ರೆಗೆ ಹಾಕುತ್ತಾಳೆ. ತೋರಿಸಲಿಲ್ಲ. ಸತ್ತರೆ ಒಳ್ಳೆಯದು ಅನ್ನಿಸಿತು. ಆಮೇಲೆ, ಇದನ್ನು ಹೇಳದೆ ಸತ್ತರೆ ಎಂದು ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಅದಕ್ಕೆ ಇಲ್ಲಿ ಬರೆಯುತ್ತೇನೆ. ಪುಸ್ತಕಕ್ಕಾದರೂ ಹೇಳಿದ ಹಾಗಾಗಲಿ.

ಸಾವಿರದ ಒಂಬೈನೂರ ಎಂಬತ್ತೊಂಬತ್ತು. ಭಾರ ಎತ್ತುವ ಕೊಕ್ಕೆಗಳನ್ನು ಎರಕ ಹೊಯ್ಯುತ್ತಿದ್ದೆವು. ಫಕ್ರುದ್ದೀನ್ ಗುಜರಿ ಕಬ್ಬಿಣ ಕರಗಿಸಿ ಕೊಟ್ಟ. ಗುಜರಿ ಎಂದ ಮೇಲೆ ಏನೇನೋ ಸೇರಿರುತ್ತದೆ, ಅದು ಅವನ ತಪ್ಪಲ್ಲ. ಅದನ್ನು ಹಿಡಿಯುವುದಕ್ಕೇ ನಾನಿದ್ದದ್ದು. ಸಾಣೆಗೆ ಒತ್ತಿದೆ. ಕಿಡಿಯ ತುದಿಯಲ್ಲೆಲ್ಲ ಹೂ. ಮೂರು ಸಲ ಒತ್ತಿದೆ, ಮೂರು ಸಲವೂ ಹೂ. ಕೊಕ್ಕೆಗೆ ಆ ಉಕ್ಕು ಆಗುವುದಿಲ್ಲ.

ಸೂಪರ್‌ವೈಸರು ಹಿಂದೆ ಬಂದು ನಿಂತಿದ್ದ. "ಲಾರಿ ನಿಂತಿದೆ ಸಾಮಿ. ಸರಿ ಅಂತ ಬರಿ. ಬರಿಯೋಕಾಗಲ್ಲ ಅಂದ್ರೆ ಬರಿಯೋರು ಬೇಕಾದಷ್ಟು ಜನ ಇದಾರೆ." ಪ್ರಿಯದರ್ಶಿನಿ ಆಗ ಹತ್ತು ವರ್ಷದ ಹುಡುಗಿ. ಹೆದರಿದೆ. ಸರಿ ಎಂದು ಕೂಗಿದೆ, ಚಾಕಿನಲ್ಲಿ ಬರೆದೆ.

ಎರಡು ತಿಂಗಳಿಗೆ ಹೊಳಲೂರು ಕಡೆಯ ಒಂದು ಗಿರಣಿಯಲ್ಲಿ ಕೊಕ್ಕೆ ಮುರಿಯಿತು. ಒಬ್ಬ ಹಮಾಲಿಯ ಪಾದ ಹೋಯಿತು. ವಿಚಾರಣೆಯಲ್ಲಿ ಕೇಳಿದರು. ಕಿಡಿ ಸರಿಯಿತ್ತು ಎಂದೆ. ಕಿಡಿ ಸರಿಯಿತ್ತು ಎಂದರೆ, ಪರೀಕ್ಷೆ ಆದಮೇಲೆ ಕುಲುಮೆಯವನು ಏನೋ ಬೆರೆಸಿದ್ದಾನೆ ಎಂದು ತೀರ್ಮಾನವಾಯಿತು. ಫಕ್ರುದ್ದೀನನನ್ನು ತೆಗೆದರು. ಅವನು ಸೈಕಲ್ ಪಂಕ್ಚರ್ ಅಂಗಡಿ ಹಾಕಿದ. ಹಾಕಿದ ಮೊದಲ ಗುರುವಾರ ನಾನು ಹೋಗಿ ಅವನ ಚಾ ಕುಡಿದೆ.

ಬರೆದೆ. ಏನೂ ಹಗುರಾಗಲಿಲ್ಲ.

ನವೆಂಬರ್ 18, ಮಂಗಳವಾರ

ಬಿ.ಪಿ. ನೋಡಲಿಲ್ಲ. ಹೆದರಿಕೆ.

ಸಿರಿ ಕ್ಯಾಮೆರಾ ಇಟ್ಟುಕೊಂಡು ಒಬ್ಬಳೇ ಕೂತಿದ್ದಳು. ದೀಪ ನೆಟ್ಟಗೆ ನಿಲ್ಲುತ್ತಿರಲಿಲ್ಲ, ರಾಹಿಲ್ ನಿಲ್ಲಿಸುತ್ತಿದ್ದ. ಚಾನೆಲ್ಲಿನವರಿಗೆ ಏನು ಹೇಳುತ್ತಾಳೆ ಎಂದು ಕೇಳಿಸಿಕೊಳ್ಳಲು ಬಾಗಿಲ ಹತ್ತಿರ ನಿಂತೆ.

"ನಂಬರ್ ಮೊದಲೇ ಹೊರಗೆ ಹೋಗಿದ್ದು ತಪ್ಪು. ನಮ್ಮ ತಂಡದ ಒಬ್ಬರಿಂದ ಆ ತಪ್ಪಾಗಿದೆ. ಅವರು ಇನ್ನು ಮುಂದೆ..." ಎಂದಳು. ಅಲ್ಲಿಗೆ ನಿಲ್ಲಿಸಿ, ಹೆಸರು ಹೇಳಲೋ ಬೇಡವೋ ಎಂಬ ಹಾಗೆ ಒಮ್ಮೆ ಉಸಿರೆಳೆದಳು.

ಆ ಉಸಿರಿನೊಳಗೆ ನಾನು ಹೋಗಿ ಅವಳ ಪಕ್ಕ ನಿಂತೆ.

"ಅಜ್ಜ, ರೆಕಾರ್ಡ್ ಆಗ್ತಿದೆ. ಆಚೆ ಹೋಗು."

"ಆಗ್ಲಿ" ಎಂದೆ. ಕ್ಯಾಮೆರಾದಲ್ಲಿ ಎಲ್ಲಿ ನೋಡಬೇಕು ಎಂದು ಗೊತ್ತಾಗಲಿಲ್ಲ, ಗೋಡೆ ನೋಡಿ ಹೇಳಿದೆ. "ನಾನು ಕರಿಯಣ್ಣ. ಇವಳ ಅಜ್ಜ. ಆ ನಾಲ್ಕನ್ನ ಹೊರಗೆ ಕೂಗಿದ್ದು ನಾನು. ಸಲೂನ್‌ನಲ್ಲಿ. ಕೋಪದಲ್ಲಿ. ರಾಹಿಲ್ ಹೇಳಿಲ್ಲ. ಇವಳೂ ಹೇಳಿಲ್ಲ. ಬೈಯೋದಿದ್ರೆ ನನಗೆ ಬೈರಿ."

ಸಿರಿ ಕ್ಯಾಮೆರಾ ಆರಿಸಿದಳು.

"ಯಾವಾಗಿಂದ ಗೊತ್ತು ನಿಂಗೆ?"

"ಹೋದ ಸೋಮವಾರದಿಂದ."

"ಶನಿವಾರ ರಾಹಿಲ್ ಬಂದಿದ್ದ."

"ಹೂಂ."

"ನೀನು ಅವನಿಗೆ ಸಕ್ಕರೆ ಎಷ್ಟು ಅಂತ ಕೇಳಿದೆ. ನಂಗೆ ಒಳಗೆ ಕೇಳಿಸ್ತಿತ್ತು."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಆಟ ಎಲ್ಲಿ ಕೆಡುತ್ತದೆ ಎಂದು ಟಿ.ವಿ. ನೋಡುವ ಹಾಗೆ.

"ಇನ್ನೂ ಏನಾದ್ರೂ ಇದೆಯಾ?"

ಕೊಕ್ಕೆಯ ವಿಷಯ ಹೇಳಿದೆ. ನಿಂತುಕೊಂಡೇ ಹೇಳಿದೆ. ಮುಗಿದ ಮೇಲೆ ಅವಳು ಎದ್ದು ಹೋಗಿ ಕೋಣೆ ಬಾಗಿಲು ಹಾಕಿಕೊಂಡಳು. ಸಂಜೆ ನೋಡಿದರೆ ನನ್ನ ಮಾತು ಹಾಗೇ ಚಾನೆಲ್ಲಿನಲ್ಲಿ ಹಾಕಿದ್ದಾಳೆ. ಊಟಕ್ಕೆ ನನ್ನ ತಟ್ಟೆ ಇಟ್ಟಿದ್ದಳು.

ನವೆಂಬರ್ 20, ಗುರುವಾರ
ಬಿ.ಪಿ. 166/98

ಬಸ್ಸಿನಲ್ಲಿ ಭದ್ರಾವತಿಗೆ ಹೋದೆ. ಇಬ್ಬರು ಹುಡುಗರು ಫೋನು ನೋಡಿ ನನ್ನ ಮುಖ ನೋಡಿ ನಕ್ಕರು. ಒಬ್ಬ, "ನಾಲ್ಕಜ್ಜ ಅಲ್ವಾ?" ಎಂದ. ನನ್ನ ತಪ್ಪೊಪ್ಪಿಗೆಗೂ ಜನ ಮಾರ್ಕ್ಸ್ ಹಾಕಿದ್ದಾರಂತೆ. ಹೆಚ್ಚಿನವರು ಎರಡು ಕೊಟ್ಟಿದ್ದಾರೆ. ಹೊಡೆಯುತ್ತಾರೇನೋ ಎಂದು ಕಂಡಕ್ಟರಿನ ಪಕ್ಕಕ್ಕೆ ಹೋಗಿ ನಿಂತೆ.

ಫಕ್ರುದ್ದೀನ್ ಅಂಗಡಿಯ ಮುಂದೆ ಟ್ಯೂಬು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ನನ್ನನ್ನು ನೋಡಿ, "ಬಾರಯ್ಯಾ ಹೀರೋ! ವಿಡಿಯೋ ನೋಡಿದ್ವಿ. ನಮ್ಮ ಹುಡುಗನ ಮರ್ಯಾದೆ ವಾಪಸ್ ಕೊಟ್ಯಲ್ಲ, ಕೂತ್ಕೋ, ಚಾ ಹೇಳ್ತೀನಿ" ಎಂದ. ರಾಹಿಲ್ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತ.

ಅಲ್ಲಿಗೇ ಬಿಟ್ಟು ಬರಬಹುದಿತ್ತು. ಚಾ ಕುಡಿದು ಬರಬಹುದಿತ್ತು.

"ಚಾ ಬೇಡ" ಎಂದೆ. "ಆ ಕೊಕ್ಕೆ ಇದೆಯಲ್ಲ. ಕಿಡಿ ಸರಿ ಇರ್ಲಿಲ್ಲ. ನಾನು ನೋಡಿದ್ದೆ. ಹೂ ಒಡೆದಿತ್ತು. ಗೊತ್ತಿದ್ದೂ ಸರಿ ಅಂತ ಬರೆದೆ."

ಅವನ ಕೈ ನೀರಿನೊಳಗೇ ಇತ್ತು. ಟ್ಯೂಬಿನಿಂದ ಗುಳ್ಳೆ ಬರುತ್ತಲೇ ಇತ್ತು. ತೂತು ಸಿಕ್ಕಿತ್ತು, ಅವನು ನೋಡಲಿಲ್ಲ.

"ಆ ಗುಜರಿ ರಾಶೀನ ನಾನು ಎಷ್ಟು ಸಲ ತಲೇಲಿ ಕೆದಕಿದೀನಿ ಗೊತ್ತೇನೋ ನಿಂಗೆ?" ಎಂದ. "ಕಿಡಿ ಸರಿ ಇತ್ತು ಅಂತ ಕರಿಯಣ್ಣ ಹೇಳಿದ್ಮೇಲೆ ಮುಗೀತು, ಹಂಗಾದ್ರೆ ಆಮೇಲೆ ನನ್ನ ಕೈಯಿಂದಲೇ ಏನೋ ಬಿದ್ದಿರ್ಬೇಕು ಅಂತ. ಯಾವ ತುಂಡು? ಯಾವ ಸ್ಪ್ರಿಂಗು? ಆ ಹಮಾಲಿ ಮನೆಗೆ ಹೋಗಿ ಅವನ ಕೈ ಹಿಡ್ಕೊಂಡು ತಪ್ಪಾಯ್ತು ಅಂದು ಬಂದಿದೀನಿ ನಾನು. ಇವತ್ತು ಬೆಳಗ್ಗೆ ನಮಾಜ್‌ನಲ್ಲೂ ನೆನಪಾಯ್ತು. ಇವತ್ತು ಬೆಳಗ್ಗೆ, ಕರಿಯಾ."

"ಹೆದರಿಬಿಟ್ಟೆ ಮಾರಾಯ."

"ಮೂವತ್ತಾರು ವರ್ಷ. ಗುರುವಾರ ಗುರುವಾರ ಬಂದು ನನ್ನ ಚಾ ಕುಡಿದ್ಯಲ್ಲೋ."

ಅವನು ಟ್ಯೂಬು ಮೇಲೆತ್ತಿದ, ಮತ್ತೆ ಅದ್ದಿದ, ಮತ್ತೆ ಎತ್ತಿದ.

"ಹೋಗು" ಎಂದ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿರುತ್ತಿತ್ತು.

ಬಸ್ ಸ್ಟಾಂಡಿನತನಕ ರಾಹಿಲ್ ಹಿಂದೆ ಹಿಂದೆ ನಡೆದು ಬಂದ, ಪಕ್ಕಕ್ಕೆ ಬರಲಿಲ್ಲ. ಮುದುಕ ದಾರಿಯಲ್ಲಿ ಬಿದ್ದುಗಿದ್ದಾನು ಎಂದು ಇರಬೇಕು.

ನವೆಂಬರ್ 22, ಶನಿವಾರ
ಬಿ.ಪಿ. 150/92

ಆಟ ಕೊಂಡವರಿಗೆ ಈಗ ಮೂರನೇ ಕೋಟೆ ಸಿಕ್ಕಿದೆ. ಗೆದ್ದದ್ದೆಲ್ಲ ಅಳಿಸಿಹೋಯಿತು ಎಂದು ಕಂಪನಿಗೆ ಬೈಯುತ್ತಿದ್ದಾರಂತೆ. ಹಾಗೆಂದು ಸಿರಿಗೆ ಬೈಯುವುದನ್ನು ಬಿಟ್ಟಿಲ್ಲ, ಎರಡನ್ನೂ ಒಟ್ಟಿಗೇ ಮಾಡುತ್ತಿದ್ದಾರೆ. ಕಂಪನಿಯವರು ಇವಳಿಗೆ ಇನ್ನು ಯಾವ ಆಟವನ್ನೂ ಮೊದಲೇ ಕಳಿಸುವುದಿಲ್ಲ ಎಂದು ಬರೆದಿದ್ದಾರೆ.

"ಅಂಗಡಿಗೆ ಬಂದ್ಮೇಲೆ ಕೊಂಡು ಆಡ್ತೀನಿ. ಎಲ್ರಿಗಿಂತ ಒಂದು ವಾರ ಲೇಟು" ಎಂದಳು. ಮಂಗಳವಾರದಿಂದ ಈಚೆಗೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು. ನನಗೆ ಹೇಳಿದಳೋ ಗೋಡೆಗೆ ಹೇಳಿದಳೋ. ಉತ್ತರ ಕೊಡಲು ಹೆದರಿಕೆಯಾಗಿ ಸೊಪ್ಪು ಬಿಡಿಸುತ್ತಾ ಕೂತೆ.

ನವೆಂಬರ್ 25, ಮಂಗಳವಾರ
ಬಿ.ಪಿ. 136/84

ಬೆಳಗ್ಗೆ ರಾಹಿಲ್‌ನ ಸ್ಕೂಟರು. ಜಗುಲಿಯಲ್ಲೇ ಉಳಿದಿದ್ದ ಇನ್ನೊಂದು ದೀಪ, ವೈರು ಎಲ್ಲ ಒಳಗೆ ಒಯ್ದ. ಕೋಣೆಯೊಳಗೆ ಅರ್ಧ ಗಂಟೆ ಇಬ್ಬರೂ ಜಗಳ ಆಡಿದರು. ಆಮೇಲೆ ಟಿ.ವಿ. ಸದ್ದು ಬಂತು.

ಹೊರಗೆ ಬಂದವನಿಗೆ ಚಾ ಕೊಟ್ಟೆ. ಎರಡು ಚಮಚ ಹಾಕಿದ್ದೆ, ಕೇಳಲಿಲ್ಲ. ನಿಂತೇ ಕುಡಿದ. "ನಮ್ಮ ದಾದಾ ಹೇಳಿ ಕಳಿಸಿದಾರೆ. ಈ ಗುರುವಾರ ಬರ್ಬೇಡಿ ಅಂತ."

"ಸರಿ" ಎಂದೆ.

ಲೋಟ ಕೆಳಗಿಟ್ಟು ಹೆಲ್ಮೆಟ್ ಹಾಕಿಕೊಂಡ. "ಮುಂದಿನ ಗುರುವಾರದ್ದು ಕೇಳಿದೆ. ಮಾತಾಡ್ಲಿಲ್ಲ."

ಹನ್ನೊಂದಕ್ಕೆ ಲ್ಯಾಂಡ್‌ಲೈನು ಹೊಡೆಯಿತು. ಅದೇ ಮೃದು ದನಿ.

"ನಮಸ್ಕಾರ ಅಜ್ಜ. ಆ ನೀಲಿ ಡ್ರಮ್ ಕಾಣ್ತಾ ಇಲ್ವಲ್ಲ?"

"ಹಿತ್ತಿಲಲ್ಲಿತ್ತು" ಎಂದೆ. "ನಿನ್ನೆ ಮತ್ತೆ ಗೇಟಿನ ಹತ್ರಾನೇ ಇಟ್ಟಿದೀನಿ, ಸರಿಯಾಗಿ ನೋಡು. ಮಲವಗೊಪ್ಪ. ಹೆಸರು ಕರಿಯಣ್ಣ. ಬಾಗಿಲು ತಟ್ಟು, ನಾನೇ ತೆಗೀತೀನಿ. ನಾಲ್ಕು ಯಾಕೆ ಅಂತ ಕೂತು ಕೇಳೋದಿದ್ರೆ ಹೇಳ್ತೀನಿ. ಹದಿನೇಳು ಸಲ ಹತ್ತಿದ್ದನ್ನ ಹಿಂದೆ ಕೂತು ನೋಡಿದೋನು ನಾನು. ನಿನ್ನ ಊಟ ಆಯ್ತಾ?"

ಇಟ್ಟುಬಿಟ್ಟ.

ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಗೇಟು ನೋಡುತ್ತಾ ಕೂತಿದ್ದೇನೆ. ಈಗಲೂ ಹೆದರಿಕೆಯಿದೆ, ಯಾರು ಇಲ್ಲ ಅಂದರು? ಇಷ್ಟು ಹೆದರಿಕೆ ಇಟ್ಟುಕೊಂಡು ಬಿ.ಪಿ. ನೂರ ಮೂವತ್ತಾರು ಹೇಗೆ ಬರುತ್ತದೆ? ಮೂರು ಸಲ ನೋಡಿದೆ. ಮೂರು ಸಲವೂ ಅಷ್ಟೇ.

ಮಶೀನು ಕೆಟ್ಟಿದೆ. ಪ್ರಿಯದರ್ಶಿನಿಗೆ ಹೇಳಿ ಬದಲಾಯಿಸಬೇಕು.